ಯೆಜ್ಡಿ ಪಳಗಿಸಿದ ಕೈಗೆ 650 ಸಿಸಿ

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಗಾಡಿ ಕಲಿತದ್ದು ಜಾವಾ, ಯೆಜ್ಡಿ, ರಾಜದೂತ್, ಬುಲೆಟ್, ಇಲ್ಲವೇ ಆರ್‌ಎಕ್ಸ್ 100ರ ಮೇಲೆ. ಈಗ ಮಕ್ಕಳು ದಡ ಸೇರಿದ್ದಾರೆ, ನಿವೃತ್ತಿಯ ಹಣ ಕೈಗೆ ಬಂದಿದೆ, ಇಷ್ಟು ವರ್ಷ ಅದುಮಿಟ್ಟ ಆಸೆ ಎದ್ದು ಕೂತಿದೆ. ಷೋರೂಮಿನಲ್ಲಿ 650 ಸಿಸಿ ಗಾಡಿ ನಿಂತಿದೆ. ಅರವತ್ತರ ಹತ್ತಿರ ಇಂಥ ಗಾಡಿ ತೆಗೆದುಕೊಳ್ಳಬಹುದೇ? ಖಂಡಿತ ತೆಗೆದುಕೊಳ್ಳಬಹುದು. ಆದರೆ ಒಂದು ವಿಷಯ ತಿಳಿದುಕೊಂಡು ಹತ್ತಬೇಕು.

ನಿಮ್ಮ ಅನುಭವದಲ್ಲಿ ಎರಡು ಪಾಲಿದೆ. ಒಂದು ಪಾಲು ರಸ್ತೆಯದು. ಬಸ್ಸು ಯಾವಾಗ ಎಡಕ್ಕೆ ಎಳೆಯುತ್ತದೆ, ದನ ಯಾವ ಕಡೆ ತಿರುಗುತ್ತದೆ, ಊರು ಹತ್ತಿರ ಬಂದಾಗ ಹಂಪ್ ಎಲ್ಲಿರುತ್ತದೆ ಎಂಬ ಅಂದಾಜು. ಇಪ್ಪತ್ತರ ಹುಡುಗನಿಗೆ ಅದಿಲ್ಲ, ಆ ಪಾಲನ್ನು ಬಿಡಬೇಡಿ. ಇನ್ನೊಂದು ಪಾಲು ಕೈಕಾಲಿನ ಅಭ್ಯಾಸ. ಆ ಕಾಲದ ಗಾಡಿಗಳ ಬ್ರೇಕು, ಎಂಜಿನ್ನು, ಆಯಿಲ್ ಪದ್ಧತಿ ಇವುಗಳ ಕೊರತೆಗೆ ತಕ್ಕಂತೆ ನಿಮ್ಮ ಕೈಕಾಲು ತಾವೇ ಕಲಿತ ಪಾಠಗಳು ಅವು. ಆಗ ಅವು ಸರಿಯಾಗಿಯೇ ಇದ್ದವು. ಹೊಸ ಗಾಡಿಯ ಮೇಲೆ ಬೀಳಿಸುವುದು ಅವೇ. ಇವತ್ತು ಅಂಥವುಗಳನ್ನು ಒಂದೊಂದಾಗಿ ಹೆಸರಿಸಿ, ಬದಲಿಸುವುದು ಹೇಗೆ ಎಂದು ಹೇಳುತ್ತೇನೆ.

ಮೈಸೂರಿನವರಿಗೆ ಈ ವಿಷಯ ಬೇರೆಯವರಿಗಿಂತ ಹತ್ತಿರದ್ದು. ಐಡಿಯಲ್ ಜಾವಾ ಕಂಪನಿ ಶುರುವಾದದ್ದು 1960ರಲ್ಲಿ. ಮರುವರ್ಷದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ 250 ತಯಾರಾಯಿತು, 1973ರಿಂದ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಆ ಗಾಡಿಗಳನ್ನು ಕಟ್ಟಿದ ಕೈಗಳು, ರಿಪೇರಿ ಮಾಡಿದ ಕೈಗಳು ಈ ಊರಿನಲ್ಲೇ ಇವೆ. ಕಿಕ್ಕರ್ ಲಿವರನ್ನೇ ಒಳಗೆ ಒತ್ತಿ ತಿರುಗಿಸಿ ಒದೆಯುವುದು, ಸ್ಟಾರ್ಟ್ ಆದ ಮೇಲೆ ಅದೇ ಲಿವರಿನಲ್ಲಿ ಗೇರ್ ಹಾಕುವುದು: ಅದನ್ನು ಬೇರೆ ಊರಿನ ಹುಡುಗರಿಗೆ ವಿವರಿಸಲು ಹೋದರೆ ನಂಬುವುದಿಲ್ಲ. ಇಂದಿಗೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಸೇರುತ್ತಾರೆ. ಆ ಪ್ರೀತಿಗೆ ಒಂದು ಚೂರೂ ಕುಂದು ಬರಬೇಕಾಗಿಲ್ಲ.

ಈಗ ಲೆಕ್ಕ ನೋಡೋಣ. ಯೆಜ್ಡಿಯ ರೋಡ್‌ಕಿಂಗ್ ಮಾದರಿ 250 ಸಿಸಿ, ಒಂದೇ ಸಿಲಿಂಡರ್, ಸುಮಾರು 16 ಕುದುರೆ ಶಕ್ತಿ, ತೂಕ ಸುಮಾರು 140 ಕೆಜಿ. ಇನ್ನೊಂದು ಬದಿಗೆ, ನೀವು ಹೆಚ್ಚಾಗಿ ಕೇಳುವ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಇಟ್ಟುಕೊಳ್ಳಿ. 648 ಸಿಸಿ, ಎರಡು ಸಿಲಿಂಡರ್, 47 ಕುದುರೆ ಶಕ್ತಿ, ಪೆಟ್ರೋಲ್ ತುಂಬಿಸಿ ನಿಲ್ಲಿಸಿದರೆ ಸುಮಾರು 217 ಕೆಜಿ. 75 ಕೆಜಿಯ ಸವಾರ ಕೂತ ಮೇಲೆ ತೂಕಕ್ಕೆ ಶಕ್ತಿ ಹಂಚಿ ನೋಡಿದರೆ ಹೊಸ ಗಾಡಿಯದು ಎರಡು ಪಟ್ಟಿಗೂ ಹೆಚ್ಚು. ಗಮನಿಸಬೇಕಾದದ್ದು ಅದು ಬರುವ ರೀತಿ. ಯೆಜ್ಡಿಯಲ್ಲಿ 80 ದಾಟಿದರೆ ಹ್ಯಾಂಡಲ್ಲು, ಫುಟ್‌ರೆಸ್ಟು, ಟ್ಯಾಂಕು ಎಲ್ಲ ನಡುಗುತ್ತಿತ್ತು. ನೀವು ಮೀಟರ್ ನೋಡುತ್ತಲೇ ಇರಲಿಲ್ಲ, ಸ್ಪೀಡು ಎಷ್ಟೆಂದು ಅಂಗೈಗೆ ಗೊತ್ತಾಗುತ್ತಿತ್ತು. 650ರಲ್ಲಿ 100ಕ್ಕೆ ಹೋದರೂ ಅಂಗೈಗೆ ಏನೂ ಗೊತ್ತಾಗುವುದಿಲ್ಲ. ನಲವತ್ತು ವರ್ಷ ಹಳೆಯ ಗಾಡಿಯಲ್ಲಿ ಪಳಗಿದ ಅಂಗೈ “ಇನ್ನೂ 60ರಲ್ಲಿ ಇದ್ದೇವೆ” ಎನ್ನುತ್ತದೆ, ಮೀಟರು 95 ತೋರಿಸುತ್ತದೆ. ಮೊದಲ ಒಂದೆರಡು ತಿಂಗಳು ಊರಿನ ಬೋರ್ಡು ಕಂಡ ಪ್ರತಿ ಸಲ ಮೀಟರ್ ನೋಡುವ ರೂಢಿ ಮಾಡಿಕೊಳ್ಳಿ. ಬೇರೆ ಉಪಾಯವಿಲ್ಲ.

ಬ್ರೇಕಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಜೀವ ಇರುವುದು ಅಲ್ಲಿ.

ಹಳೆಯ ಗಾಡಿಗಳ ಮುಂದಿನ ಬ್ರೇಕು ಡ್ರಮ್ಮು. ಕೇಬಲ್ ಹಿಗ್ಗುತ್ತದೆ, ಲೈನರ್ ಸವೆಯುತ್ತದೆ, ಮಳೆಯಲ್ಲಿ ನೀರು ಒಳಗೆ ಹೋದರೆ ಹಿಡಿಯುವುದೇ ಇಲ್ಲ. ಅಪ್ಪಂದಿರು, ಅಣ್ಣಂದಿರು ನಮಗೆಲ್ಲ ಹೇಳಿಕೊಟ್ಟದ್ದು ಒಂದೇ ಮಾತು: ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೆಯುತ್ತೀಯ. ಆದ್ದರಿಂದ ಬಲಗಾಲು ಬಲವಾಯಿತು, ಬಲಗೈ ಆಕ್ಸಿಲರೇಟರಿಗೆ ಮಾತ್ರ ಉಳಿಯಿತು. ಹೊಸ ಗಾಡಿಯ ಮುಂದೆ 320 ಮಿ.ಮೀ. ಡಿಸ್ಕ್, ಹಿಂದೆ 240 ಮಿ.ಮೀ. ಡಿಸ್ಕ್, ಎರಡಕ್ಕೂ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ, ಹಿಂದಿನದು ಹಗುರಾಗುತ್ತದೆ. ನಿಲ್ಲಿಸುವ ಕೆಲಸದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಂದಿನದೇ. ಕಾಲಿನ ಬ್ರೇಕನ್ನೇ ನಂಬಿದರೆ, ದುಡ್ಡು ಕೊಟ್ಟು ತಂದ ಬ್ರೇಕಿನ ದೊಡ್ಡ ಪಾಲು ಬಳಕೆಯಾಗದೆ ಉಳಿಯುತ್ತದೆ.

ಅಂಕಿಗಳಲ್ಲಿ ಹೇಳುತ್ತೇನೆ. ಒಣ ಡಾಂಬರಿನ ಮೇಲೆ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು. ಹಿಂದಿನದೊಂದರಿಂದಲೇ ಆದರೆ ಅದು 45 ಮೀಟರಿನ ಆಸುಪಾಸು. 100ರಿಂದಾದರೆ ಎರಡರಲ್ಲೂ ಹಿಡಿದಾಗ 55 ಮೀಟರ್, ಹಿಂದಿನದರಿಂದ ಮಾತ್ರ 125 ದಾಟುತ್ತದೆ. ಇದಕ್ಕೆ ಇನ್ನೊಂದು ಕೂಡಿಸಬೇಕು. ಕಣ್ಣು ಕಂಡು, ಮನಸ್ಸು ತೀರ್ಮಾನಿಸಿ, ಕೈ ಲಿವರ್ ಹಿಡಿಯುವ ಹೊತ್ತು. ನಮ್ಮ ವಯಸ್ಸಿಗೆ ಅದನ್ನು ಒಂದೂವರೆ ಸೆಕೆಂಡ್ ಎಂದು ಇಟ್ಟುಕೊಳ್ಳುವುದು ಕ್ಷೇಮ. 60ರ ವೇಗದಲ್ಲಿ ಆ ಒಂದೂವರೆ ಸೆಕೆಂಡಿಗೆ 25 ಮೀಟರ್ ಹೋಗಿರುತ್ತೀರಿ, 100ರಲ್ಲಿ 42 ಮೀಟರ್, ಅದೂ ಬ್ರೇಕ್ ಮುಟ್ಟುವ ಮೊದಲೇ. ಅಂದರೆ 100ರ ವೇಗದಲ್ಲಿ ಎಲ್ಲವೂ ಸರಿಯಾಗಿ ನಡೆದರೂ ನಿಲ್ಲಲು ನೂರು ಮೀಟರಿನಷ್ಟು ಬೇಕು.

ಎರಡನೇ ಹಳೆಯ ಅಭ್ಯಾಸ, ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವುದು. ಡ್ರಮ್ ಕಾಲದಲ್ಲಿ ಚಕ್ರ ಲಾಕ್ ಆಗದಿರಲಿ ಎಂದು ಕಾಲಿನಲ್ಲಿ ಪಂಪ್ ಮಾಡುತ್ತಿದ್ದೆವು. ಎಬಿಎಸ್ ಆ ಕೆಲಸವನ್ನು ತಾನೇ, ಯಾವ ಮನುಷ್ಯನಿಗೂ ಆಗದ ವೇಗದಲ್ಲಿ ಮಾಡುತ್ತದೆ. ಅದು ಕೆಲಸ ಮಾಡುವಾಗ ಲಿವರಿನಲ್ಲಿ, ಪೆಡಲಿನಲ್ಲಿ ಪಟಪಟ ಎಂದು ಬಡಿದಂತಾಗುತ್ತದೆ. ಗೊತ್ತಿಲ್ಲದವರು ಏನೋ ಮುರಿಯಿತು ಎಂದು ಗಾಬರಿಯಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದು. ಬಡಿಯುತ್ತಿದ್ದರೂ ಗಟ್ಟಿಯಾಗಿ ಹಿಡಿದೇ ಇರಬೇಕು.

ಇದನ್ನು ಕೇಳಿ ತಿಳಿದರೆ ಸಾಲದು, ಕೈಗೆ ಹತ್ತಬೇಕು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದ ರಸ್ತೆಯೋ, ಜನವಿಲ್ಲದ ಬಡಾವಣೆಯ ನೇರ ರಸ್ತೆಯೋ ಹುಡುಕಿ. ಮಣ್ಣು, ಮರಳು ಇರಬಾರದು. ಗುರುತಿಗೆ ಒಂದು ಕಲ್ಲಿಡಿ. 30ರ ವೇಗದಲ್ಲಿ ಬಂದು ಕಲ್ಲಿನ ಹತ್ತಿರ ಎರಡೂ ಬ್ರೇಕ್ ಹಿಡಿಯಿರಿ. ಮುಂದಿನ ಲಿವರನ್ನು ಒಮ್ಮೆಲೇ ಕಿತ್ತೆಳೆಯಬಾರದು. ಮೊದಲು ಮೆಲ್ಲಗೆ ಒತ್ತಿ, ಮುಂದಿನ ಫೋರ್ಕ್ ಕುಗ್ಗಿತು ಎಂದು ಗೊತ್ತಾದ ತಕ್ಷಣ ಬಿಗಿ ಮಾಡುತ್ತಾ ಹೋಗಿ. ಇದೆಲ್ಲ ಅರ್ಧ ಸೆಕೆಂಡಿನ ಒಳಗಿನ ಕೆಲಸ. ಕಣ್ಣು ದೂರಕ್ಕೆ ಇರಲಿ, ಮುಂದಿನ ಚಕ್ರ ನೋಡಿದರೆ ಗಾಡಿ ವಾಲುತ್ತದೆ. ಹತ್ತು ಸಲ ಆದ ಮೇಲೆ 40, ಆಮೇಲೆ 50. ಎಬಿಎಸ್ ಬಡಿಯುವುದನ್ನು ಬೇಕೆಂದೇ ಒಮ್ಮೆ ಅನುಭವಿಸಿ. ಹಿಂದಿನ ಪೆಡಲನ್ನು ಗಟ್ಟಿಯಾಗಿ ಒತ್ತಿದರೆ ಬೇಗ ಸಿಗುತ್ತದೆ. ಹೀಗೆ ನಾಲ್ಕು ಭಾನುವಾರ ಮಾಡಿದರೆ ಕೈ ತಾನಾಗಿ ಹೋಗಲು ಶುರುವಾಗುತ್ತದೆ. ಎರಡು ಎಚ್ಚರಿಕೆ: ತಿರುವಿನಲ್ಲಿ ವಾಲಿಕೊಂಡಿದ್ದಾಗ ಈ ಎಬಿಎಸ್ ಪೂರ್ತಿ ಕಾಪಾಡುವುದಿಲ್ಲ, ಬ್ರೇಕು ತಿರುವಿಗೆ ಮೊದಲೇ ಮುಗಿದಿರಬೇಕು. ಜಲ್ಲಿ, ಮರಳಿನ ಮೇಲೆ ನಿಲ್ಲುವ ದೂರ ಹೆಚ್ಚಾಗುತ್ತದೆ.

ಹಳೆಯ ಬುಲೆಟ್ಟಿನವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಬೇರೆ ಮಾತಿದೆ. ನಿಮ್ಮ ಗಾಡಿಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸದರಲ್ಲಿ ತಿರುಗಾಮುರುಗಾ. ಸಮಾಧಾನವಾಗಿ ಹೋಗುವಾಗ ತೊಂದರೆಯಿಲ್ಲ, ಎರಡೇ ದಿನದಲ್ಲಿ ಅಭ್ಯಾಸವಾಗುತ್ತದೆ. ನಾಯಿ ಅಡ್ಡ ಬಂದ ಕ್ಷಣದಲ್ಲಿ ಮಾತ್ರ ಹಳೆಯ ಕಾಲು ಎದ್ದು ಬರುತ್ತದೆ. ಎಡಗಾಲು ಬ್ರೇಕ್ ಎಂದು ತುಳಿದದ್ದು ಗೇರ್ ಲಿವರನ್ನು. ಎರಡೂ ಗಾಡಿ ಇಟ್ಟುಕೊಂಡವರು ಒಂದೇ ದಿನ ಎರಡನ್ನೂ ಓಡಿಸಬೇಡಿ. ಕನಿಷ್ಠ ಮೊದಲ ಆರು ತಿಂಗಳು ಈ ಕಟ್ಟು ಪಾಲಿಸಿ.

ಮುಂದಿನದು ಕ್ಲಚ್. ಇದರ ಹಿಂದಿನ ಕಾರಣ ಸ್ವಾರಸ್ಯವಾದದ್ದು.

ಯೆಜ್ಡಿಯಲ್ಲಿ ಲೀಟರ್ ಪೆಟ್ರೋಲಿಗೆ 30ರಿಂದ 40 ಮಿ.ಲೀ. ಟೂ-ಟಿ ಆಯಿಲ್ ಬೆರೆಸುತ್ತಿದ್ದೆವು. ಪಿಸ್ಟನ್ನಿಗೆ, ಕ್ರ್ಯಾಂಕಿನ ಬೇರಿಂಗಿಗೆ ಸಿಗುವ ಎಣ್ಣೆ ಅಷ್ಟೇ, ಪೆಟ್ರೋಲಿನ ಜೊತೆ ಬಂದದ್ದು. ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಏನಾಗುತ್ತದೆ? ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತದೆ, ಆದರೆ ಪೆಟ್ರೋಲ್ ಒಳಗೆ ಬರುವುದಿಲ್ಲ, ಪೆಟ್ರೋಲಿಲ್ಲವೆಂದರೆ ಎಣ್ಣೆಯೂ ಇಲ್ಲ. ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಅದಕ್ಕೇ ತಿಳಿದವರು ಘಾಟಿ ಇಳಿಯುವಾಗ ಕ್ಲಚ್ ಹಿಡಿದು, ಆಗಾಗ ಒಮ್ಮೆ ಆಕ್ಸಿಲರೇಟರ್ ತಿರುಗಿಸುತ್ತಿದ್ದರು. ಅದು ಬುದ್ಧಿವಂತಿಕೆ. ಜೊತೆಗೆ ಟೂ-ಸ್ಟ್ರೋಕ್ ಎಂಜಿನ್ ಹಿಡಿತವೂ ಕಡಿಮೆ, ಗೇರಿನಲ್ಲಿಟ್ಟರೂ ಗಾಡಿ ನಿಧಾನವಾಗುತ್ತಿರಲಿಲ್ಲ.

ಹೊಸದು ಫೋರ್-ಸ್ಟ್ರೋಕ್. ಅದರ ಎಣ್ಣೆ ಪೆಟ್ರೋಲಿನಲ್ಲಿಲ್ಲ, ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ಪಂಪು ಎಣ್ಣೆ ಕಳಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಎಂಜಿನ್ನಿಗೆ ಯಾವ ಕೇಡೂ ಇಲ್ಲ, ಎರಡು ಸಿಲಿಂಡರಿನ ಹಿಡಿತ ಗಾಡಿಯನ್ನು ಚೆನ್ನಾಗಿ ತಡೆಯುತ್ತದೆ. ಇಂಥ ಗಾಡಿಯಲ್ಲಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಕ್ಲಚ್ ಹಿಡಿದು ಇಳಿದರೆ 217 ಕೆಜಿ ಜೊತೆಗೆ ನಿಮ್ಮ ಭಾರವೂ ಸೇರಿ ಎಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಮೊದಲು ಡಿಸ್ಕು ಕಾಯುತ್ತದೆ, ಆಮೇಲೆ ಬ್ರೇಕ್ ಆಯಿಲ್ ಕಾಯುತ್ತದೆ. ಹಳೆಯ, ನೀರು ಹೀರಿದ ಬ್ರೇಕ್ ಆಯಿಲ್ ಆಗಿದ್ದರೆ ಲಿವರ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಘಾಟಿಗೆ ಒಂದೇ ಸೂತ್ರ: ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ನೇರದಲ್ಲಿ ಮೂರು, ಹೇರ್‌ಪಿನ್ ತಿರುವು ಬರುವ ಮೊದಲೇ ಎರಡು, ತಿರುವಿನೊಳಗೆ ಕ್ಲಚ್ ಮುಟ್ಟುವಂತಿಲ್ಲ. ಇನ್ನೊಂದು, ಹೇರ್‌ಪಿನ್ನಿನ ಒಳಬದಿಯಲ್ಲಿ ಕಪ್ಪಗೆ ಹೊಳೆಯುವುದು ನೀರೇ ಆಗಿರಬೇಕಿಲ್ಲ. ಟ್ಯಾಂಕ್ ತುಂಬಿದ ಬಸ್ಸು, ಲಾರಿ ಅಲ್ಲಿ ವಾಲಿದಾಗ ಡೀಸೆಲ್ ಚೆಲ್ಲುತ್ತದೆ. ಮೊದಲ ಮಳೆಯ ದಿನ ಅದರ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ.

ಈಗ ತೂಕ. ದೊಡ್ಡ ಗಾಡಿ ತೆಗೆದುಕೊಂಡ ಹಿರಿಯರು ಮೊದಲ ವರ್ಷ ಬೀಳುವುದು ನೂರರ ವೇಗದಲ್ಲಲ್ಲ. ಮನೆ ಗೇಟಿನ ಮುಂದೆ, ಪೆಟ್ರೋಲ್ ಬಂಕಿನಲ್ಲಿ, ರಸ್ತೆಯಲ್ಲಿ ತಿರುಗಿಸಿಕೊಳ್ಳುವಾಗ, ನಡೆಯುವ ವೇಗದಲ್ಲಿ ಬೀಳುತ್ತಾರೆ. ಕಾರಣ ಎರಡು. ಒಂದು, ಹ್ಯಾಂಡಲ್ ಪೂರ್ತಿ ತಿರುಗಿಸಿಕೊಂಡಿರುವಾಗ ಮುಂದಿನ ಬ್ರೇಕ್ ಮುಟ್ಟುವುದು. ಗಾಡಿ ತಕ್ಷಣ ಒಳಬದಿಗೆ ಕುಸಿಯುತ್ತದೆ. ನಿಧಾನದ ತಿರುವಿನಲ್ಲಿ ಬಲಗೈಯ ಬೆರಳುಗಳು ಬ್ರೇಕ್ ಲಿವರಿನ ಮೇಲೆ ಇರಲೇಬಾರದು. ಆಕ್ಸಿಲರೇಟರನ್ನು ಒಂದೇ ಸಮ ಸ್ವಲ್ಪ ಕೊಟ್ಟಿಟ್ಟು, ಕ್ಲಚ್ಚನ್ನು ಅರ್ಧ ಹಿಡಿತದಲ್ಲಿ ಆಡಿಸುತ್ತಾ, ಕಾಲಿನ ಬ್ರೇಕ್ ಲೇಸಾಗಿ ಒತ್ತಿರಬೇಕು. ಗಾಡಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕತ್ತು ತಿರುಗಿಸಿ ನೋಡಬೇಕು. ನೆಲ ನೋಡಿದರೆ ನೆಲಕ್ಕೇ ಹೋಗುತ್ತದೆ. ಮೈದಾನದಲ್ಲಿ ಎರಡು ಕಲ್ಲು ಎಂಟು ಮೀಟರ್ ದೂರದಲ್ಲಿಟ್ಟು ಎಂಟರ ಆಕಾರದಲ್ಲಿ ಸುತ್ತಿ. ಸಲೀಸಾದ ಮೇಲೆ ಆರು ಮೀಟರಿಗೆ ತನ್ನಿ.

ಎರಡನೇ ಕಾರಣ ಕಾಲು ಊರುವುದು. ಆರ್‌ಎಕ್ಸ್ 100ರ ತೂಕ ನೂರು ಕೆಜಿಯ ಆಸುಪಾಸು. ಅದು ವಾಲಿದರೆ ಕಾಲು ಕೊಟ್ಟು ಎತ್ತಿ ನಿಲ್ಲಿಸುತ್ತಿದ್ದೆವು. 217 ಕೆಜಿ ಒಂದು ಮಿತಿ ದಾಟಿ ವಾಲಿದರೆ ಮೊಣಕಾಲಿನ ನರ, ಮೂಳೆ ಅದನ್ನು ತಡೆಯುವುದಿಲ್ಲ. ಆ ಮಿತಿ ದಾಟಿತು ಎಂದು ಅನಿಸಿದ ಕ್ಷಣ ಬಿಟ್ಟುಬಿಡಿ. ಇಂಡಿಕೇಟರು, ಲಿವರು ಮುರಿಯಬಹುದು, ಸಾವಿರ ರೂಪಾಯಿಗಳಲ್ಲಿ ಬರುತ್ತದೆ. ಅರವತ್ತರ ಮೊಣಕಾಲು ಅಂಗಡಿಯಲ್ಲಿ ಸಿಗುವುದಿಲ್ಲ.

ಬಿದ್ದ ಗಾಡಿಯನ್ನು ಎತ್ತುವುದಕ್ಕೂ ಕ್ರಮವಿದೆ. ಮೊದಲು ಎಂಜಿನ್ ಕಿಲ್ ಸ್ವಿಚ್, ಆಮೇಲೆ ಕೀ ಆಫ್. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆ ಎಳೆದಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಎಡಕ್ಕೆ ಮತ್ತೆ ಬೀಳುತ್ತದೆ. ಆಗುವುದಾದರೆ ಮೊದಲ ಗೇರಿಗೆ ಹಾಕಿ, ಉರುಳದಂತೆ ಇರಲಿ. ಹ್ಯಾಂಡಲ್ ನೆಲದ ಕಡೆಗೆ ಪೂರ್ತಿ ತಿರುಗಿಸಿ. ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟ ತಾಗಿಸಿ ಕುಕ್ಕರಿಸಿ. ಒಂದು ಕೈ ಹ್ಯಾಂಡಲಿನ ಹಿಡಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ. ತೋಳಿನಿಂದ ಎಳೆಯದೆ, ತೊಡೆಯ ಬಲದಿಂದ ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಎದ್ದುಬನ್ನಿ. ಬೆನ್ನು ಬಗ್ಗಿಸಿ ಮುಂದಿನಿಂದ ಎತ್ತಲು ಹೋದವರು ಬೆನ್ನುಮೂಳೆಯ ಡಿಸ್ಕ್ ಜಾರಿಸಿಕೊಂಡು ಆಸ್ಪತ್ರೆ ಸೇರುತ್ತಾರೆ. ರಸ್ತೆಯಲ್ಲಿ ಜನ ಇದ್ದರೆ ಕರೆಯಿರಿ. ನಮ್ಮ ಊರುಗಳಲ್ಲಿ ಬಿದ್ದವರನ್ನು ನೋಡಿ ಸುಮ್ಮನೆ ಹೋಗುವವರು ಕಡಿಮೆ.

ಡಬಲ್ ಸ್ಟ್ಯಾಂಡ್ ಹಾಕುವುದೂ ತೋಳಿನ ಕೆಲಸವಲ್ಲ. ಸ್ಟ್ಯಾಂಡಿನ ಎರಡೂ ಕಾಲು ಒಟ್ಟಿಗೆ ನೆಲ ಮುಟ್ಟಿವೆಯೇ ಎಂದು ಗಾಡಿಯನ್ನು ಲೇಸಾಗಿ ಅತ್ತಿತ್ತ ಆಡಿಸಿ ನೋಡಿ. ಮುಟ್ಟಿದ ಮೇಲೆ ಇಡೀ ಮೈಭಾರವನ್ನು ಸ್ಟ್ಯಾಂಡಿನ ತುದಿಯ ಮೇಲೆ ಬಿಟ್ಟು ಎದ್ದು ನಿಲ್ಲಿ. ಬಲಗೈ ದಾರಿ ತೋರಿಸಿದರೆ ಸಾಕು. ಹಿಂದಿನ ಚಕ್ರದ ಕೆಳಗೆ ಒಂದಿಂಚು ದಪ್ಪದ ಹಲಗೆ ಇಟ್ಟುಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಮೂತಿ ಇಳಿಜಾರಿನ ಕಡೆ ಮಾಡಿ ಎಲ್ಲಿಯೂ ನಿಲ್ಲಿಸಬೇಡಿ, ಹಿಂದಕ್ಕೆ ತೆಗೆಯಲು ಆಗುವುದಿಲ್ಲ.

ಕೊಳ್ಳುವ ಮೊದಲಿನ ಪರೀಕ್ಷೆಯೂ ಇದೇ. ಷೋರೂಮಿನಲ್ಲಿ ಟೆಸ್ಟ್ ರೈಡಿಗಿಂತ ಮೊದಲು ಮೂರು ಕೆಲಸ ಮಾಡಿ. ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆಯೇ ನೋಡಿ, ಇಂಟರ್‌ಸೆಪ್ಟರಿನ ಸೀಟಿನ ಎತ್ತರ 804 ಮಿ.ಮೀ. ಇಳಿದು ಎಡಗಡೆ ನಿಂತು ಹತ್ತು ಅಡಿ ಹಿಂದಕ್ಕೆ ತಳ್ಳಿ. ಡಬಲ್ ಸ್ಟ್ಯಾಂಡ್ ಹಾಕಿ, ತೆಗೆಯಿರಿ. ಇವುಗಳಲ್ಲಿ ಒಂದು ಆಗದಿದ್ದರೂ 350 ಅಥವಾ 400 ಸಿಸಿಯ ಗಾಡಿಗಳನ್ನು ನೋಡಿ. ಅವುಗಳಲ್ಲಿ 180 ಕೆಜಿಗಿಂತ ಹಗುರಾದವು ಇವೆ, ನಮ್ಮ ರಸ್ತೆಗೆ ಅವುಗಳ ಶಕ್ತಿ ಧಾರಾಳ. ಸಿಸಿ ಕಡಿಮೆಯಾದರೆ ಪ್ರೀತಿ ಕಡಿಮೆಯಾಗುವುದಿಲ್ಲ.

ಗಾಡಿ ಮನೆಗೆ ಬಂದ ಮೇಲೆ ನಿಮ್ಮ ಮೈಗೆ ಹೊಂದಿಸಬೇಕು. ಅರ್ಧ ದಿನದ ಕೆಲಸ, ಹೆಚ್ಚಿನವರು ಮಾಡಿಸುವುದೇ ಇಲ್ಲ. ಸೀಟಿನ ಮೇಲೆ ಕೂತು ತೋಳು ಚಾಚಿ ಬೆರಳು ಲಿವರಿನ ಮೇಲಿಡಿ. ಮುಂಗೈ, ಮಣಿಕಟ್ಟು, ಬೆರಳು ಒಂದೇ ನೇರದಲ್ಲಿ ಬರುವ ಹಾಗೆ ಲಿವರಿನ ಕ್ಲ್ಯಾಂಪ್ ಸಡಿಲಿಸಿ ತಿರುಗಿಸಿ ಬಿಗಿ ಮಾಡಿ. ಮಣಿಕಟ್ಟು ಮೇಲಕ್ಕೆ ಬಗ್ಗಿದ್ದರೆ ಐವತ್ತು ಕಿಲೋಮೀಟರಿಗೇ ಹೆಬ್ಬೆರಳು ಜೋಮು ಹಿಡಿಯುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿಯನ್ನು ನಿಮ್ಮ ತೂಕಕ್ಕೆ ಹೊಂದಿಸಿ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಆಕ್ಸಲ್ಲಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಟೇಪ್ ಹಿಡಿದು ಅಳೆಯಿರಿ. ಸ್ಟ್ಯಾಂಡ್ ತೆಗೆದು, ಹೆಲ್ಮೆಟ್, ಜಾಕೆಟ್ ಸಹಿತ ನೀವು ಕೂತು, ಒಬ್ಬರು ಗಾಡಿ ಹಿಡಿದಿರಲು, ಇನ್ನೊಬ್ಬರಿಂದ ಮತ್ತೆ ಅಳೆಸಿ. ಹಿಂದಿನ ಸಸ್ಪೆನ್ಷನ್ನು ಮೇಲೆ ಕೆಳಗೆ ಆಡುವ ದೂರ 88 ಮಿ.ಮೀ., ಅದರಲ್ಲಿ ಮೂರನೇ ಒಂದು ಪಾಲು, 25ರಿಂದ 30 ಮಿ.ಮೀ. ಕುಸಿದಿದ್ದರೆ ಸರಿ. ಬಿಗಿ ಹೆಚ್ಚಿದ್ದರೆ ಪ್ರತಿ ಹಂಪೂ ನೇರವಾಗಿ ಬೆನ್ನುಮೂಳೆಗೆ ಬರುತ್ತದೆ.

ಕಣ್ಣಿನ ಬಗ್ಗೆ ನೇರವಾಗಿ ಹೇಳಬೇಕು. ಅರವತ್ತರಲ್ಲಿ ಕಣ್ಣಿನ ಒಳಗೆ ತಲುಪುವ ಬೆಳಕು ಇಪ್ಪತ್ತರಲ್ಲಿ ತಲುಪುತ್ತಿದ್ದುದರ ಮೂರನೇ ಒಂದು ಪಾಲಿನಷ್ಟೇ. ಪೊರೆ ಶುರುವಾಗಿದ್ದರೆ ಎದುರಿನ ಲಾರಿಯ ದೀಪ ಒಡೆದು ಹರಡಿದ ಹಾಗೆ ಕಾಣುತ್ತದೆ, ಅದು ಹೋದ ಮೇಲೂ ಕೆಲವು ಸೆಕೆಂಡ್ ಏನೂ ಕಾಣುವುದಿಲ್ಲ. ಡಿಮ್ ಲೈಟಿನಲ್ಲಿ ಅಡ್ಡ ಬಂದದ್ದು ಸ್ಪಷ್ಟವಾಗಿ ಕಾಣುವುದು 50-60 ಮೀಟರ್ ದೂರಕ್ಕೆ. ಆಗಲೇ ಹೇಳಿದ ಲೆಕ್ಕ ಹಾಕಿದರೆ 70ರ ವೇಗದಲ್ಲಿ ನಿಲ್ಲಲು 56 ಮೀಟರ್ ಬೇಕು. ರಾತ್ರಿ 70 ದಾಟಿದಿರಿ ಎಂದರೆ ಕಾಣದ ಜಾಗಕ್ಕೆ ನುಗ್ಗುತ್ತಿದ್ದೀರಿ. ಮಂಡ್ಯದ ಕಡೆ ಕಬ್ಬು ಕಟಾವಿನ ಕಾಲದಲ್ಲಿ ಹೋಗಿ ನೋಡಿ. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಹಿಂದೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಕಬ್ಬಿನ ಸೋಗೆ ರಸ್ತೆಗೆ ಬಿದ್ದಿದ್ದರೆ ಒಣಗಿದ್ದರೂ ಜಾರುತ್ತದೆ. ನನ್ನನ್ನು ಕೇಳಿದರೆ, ಐವತ್ತೈದು ದಾಟಿದವರು ದೂರದ ಪ್ರಯಾಣವನ್ನು ಸೂರ್ಯ ಮುಳುಗುವ ಹೊತ್ತಿಗೆ ಮುಗಿಸಬೇಕು. ಓದುವ ಭಾಗ ಕೆಳಗಿರುವ ಕನ್ನಡಕ ಹಾಕುವವರು ಗಾಡಿಗೆಂದೇ ದೂರದೃಷ್ಟಿಯ ಒಂದೇ ಪವರಿನ ಕನ್ನಡಕ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ನಿಲ್ಲಿಸುವಾಗ ಕಾಲಿಡುವ ನೆಲವೇ ಮಂಜಾಗಿ ಕಾಣುತ್ತದೆ, ಹಳ್ಳ ತಗ್ಗು ತಿಳಿಯುವುದಿಲ್ಲ.

ಮಾತ್ರೆಗಳ ವಿಷಯವನ್ನು ನಿಮ್ಮ ವೈದ್ಯರ ಹತ್ತಿರ “ನಾನು ಬೈಕ್ ಓಡಿಸುತ್ತೇನೆ” ಎಂದು ಹೇಳಿಯೇ ಕೇಳಿ. ನೆಗಡಿಯ ಕೆಲವು ಮಾತ್ರೆ ನಿದ್ದೆ ತರಿಸುತ್ತದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗೆ ಗಾಡಿಯಿಂದ ಇಳಿದು ಎದ್ದು ನಿಂತಾಗ ತಲೆ ತಿರುಗಬಹುದು. ಸಕ್ಕರೆ ಕಾಯಿಲೆಯವರು ತಿಂಡಿ ತಪ್ಪಿಸಿ ಹೊರಡಬಾರದು, ಗ್ಲೂಕೋಸ್ ಬ್ಯಾಗಿನಲ್ಲಿ ಬೇಡ, ಕೈಗೆ ಸಿಗುವ ಜೇಬಿನಲ್ಲಿರಲಿ. ಲೈಸೆನ್ಸ್ ಕೂಡ ತೆಗೆದು ನೋಡಿ. ಐವತ್ತೈದು ದಾಟಿದ ಮೇಲೆ ನವೀಕರಣ ಐದೈದು ವರ್ಷಕ್ಕೆ ಮಾತ್ರ, ಜೊತೆಗೆ ವೈದ್ಯರ ಪ್ರಮಾಣಪತ್ರ ಬೇಕು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಲೈಸೆನ್ಸ್ ಇಲ್ಲದೆ ಅಪಘಾತವಾದರೆ ವಿಮೆಯವರು ಹಣ ಕೊಡಲು ತಕರಾರು ಮಾಡುತ್ತಾರೆ.

ಒಬ್ಬರು ಬೆಂಗಳೂರು ಹೆದ್ದಾರಿಯಲ್ಲಿ ಒಂದು ಸಲ ಗಾಡಿಯ ತಾಕತ್ತು ನೋಡಬೇಕು ಎಂದರು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕುಗಳಿಗೆ ಪ್ರವೇಶವಿಲ್ಲ, 650 ಆದರೂ ಸರ್ವೀಸ್ ರಸ್ತೆಯೇ ಗತಿ. ಗುಂಡ್ಲುಪೇಟೆ ಕಡೆಗೆ ಹೋಗುವವರು ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವುದನ್ನು ನೆನಪಿಡಿ. ಸುಗ್ಗಿಯಲ್ಲಿ ಆ ಭಾಗದ ಹಳ್ಳಿ ರಸ್ತೆಗಳ ಮೇಲೆ ಹುರುಳಿ ಒಕ್ಕಣೆ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ವಾಲಬೇಡಿ. ಮೊದಲೇ ನಿಧಾನ ಮಾಡಿ, ಹ್ಯಾಂಡಲ್ ನೇರ ಇಟ್ಟು ದಾಟಿ. ಹೊಟ್ಟು ಸೈಲೆನ್ಸರಿಗೆ ಸುತ್ತಿಕೊಂಡಿದ್ದರೆ ಮುಂದೆ ನಿಲ್ಲಿಸಿ ತೆಗೆಯಿರಿ, ಕಾದ ಸೈಲೆನ್ಸರಿಗೆ ಹೊತ್ತಿಕೊಳ್ಳುತ್ತದೆ.

ಮನೆಯಲ್ಲಿ ಮಾಡಿಕೊಳ್ಳುವ ಕೆಲಸಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಒಂದು ಚೈನು. ಜಾವಾ, ಯೆಜ್ಡಿಗಳ ಚೈನು ಪೂರ್ತಿ ಮುಚ್ಚಿದ ಕೇಸಿನೊಳಗೆ ಇರುತ್ತಿತ್ತು, ತಿಂಗಳುಗಟ್ಟಲೆ ಅದರ ನೆನಪೇ ಬರುತ್ತಿರಲಿಲ್ಲ. ಹೊಸದರ ಚೈನು ಬಯಲಿಗಿದೆ. 500 ಕಿ.ಮೀ.ಗೆ ಒಮ್ಮೆ, ಮಳೆಯಲ್ಲಿ ಓಡಿಸಿದರೆ ಮನೆಗೆ ಬಂದ ತಕ್ಷಣ ಗಮನ ಬೇಕು. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಚೈನ್ ಲ್ಯೂಬ್ ಅಥವಾ 90 ನಂಬರಿನ ಗೇರ್ ಆಯಿಲನ್ನು ಒಳಬದಿಗೆ ಬಿಡಿ. ಪೆಟ್ರೋಲ್ ಹಾಕಬೇಡಿ, ತಂತಿ ಬ್ರಷ್ ಬಳಸಬೇಡಿ. ಕೊಂಡಿಗಳ ನಡುವೆ ಇರುವ ರಬ್ಬರ್ ಉಂಗುರ ಹಾಳಾದರೆ ಒಳಗಿನ ಗ್ರೀಸ್ ಹೋಗಿ ಇಡೀ ಚೈನು ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಕೈ ಒಯ್ಯಲೇಬೇಡಿ, ಬೆರಳು ಕಳೆದುಕೊಂಡವರಿದ್ದಾರೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಇನ್ನೊಂದು ಬ್ಯಾಟರಿ. ಯೆಜ್ಡಿಗೆ ಬ್ಯಾಟರಿ ಸೋತರೂ ತಳ್ಳಿ ಸ್ಟಾರ್ಟ್ ಮಾಡುವ ದಾರಿಯಿತ್ತು. ಇದಕ್ಕೆ ಕಿಕ್ಕರ್ ಇಲ್ಲ. ಪೆಟ್ರೋಲ್ ಪಂಪು, ಇಂಜೆಕ್ಷನ್ನು, ಕಂಪ್ಯೂಟರು ಎಲ್ಲಕ್ಕೂ ಕರೆಂಟ್ ಬೇಕು. ಪೂರ್ತಿ ಸತ್ತ ಬ್ಯಾಟರಿ ಇಟ್ಟುಕೊಂಡು 217 ಕೆಜಿ ತಳ್ಳಿದರೆ ಎದೆ ನೋವು ಬಂದೀತೇ ಹೊರತು ಎಂಜಿನ್ ಹೊರಡುವುದಿಲ್ಲ. ಮಲ್ಟಿಮೀಟರಿನಲ್ಲಿ ತಿಂಗಳಿಗೊಮ್ಮೆ ನೋಡಿ: ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ, ಚಾರ್ಜಿಗೆ ಹಾಕಿ. ಮೂರು ವಾರಕ್ಕಿಂತ ಹೆಚ್ಚು ಊರಿಗೆ ಹೋಗುವವರು ನೆಗೆಟಿವ್ ವೈರ್ ಬಿಚ್ಚಿಟ್ಟು ಹೋಗಿ.

ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ನಾವು ಓಡಿಸುವುದು ಕಡಿಮೆ, ಆದ್ದರಿಂದ ಟೈರು ಸವೆಯುವ ಮೊದಲೇ ಗಟ್ಟಿಯಾಗುತ್ತದೆ. ಟೈರಿನ ಬಟನ್ (ಮೇಲಿನ ಉಬ್ಬು ಗೆರೆಗಳು) ಎಷ್ಟೇ ಚೆನ್ನಾಗಿ ಉಳಿದಿದ್ದರೂ ಆರು ವರ್ಷ ದಾಟಿದ್ದರೆ ಬದಲಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ನೋಡಬೇಕಾದ ಅಂಕಿ ಅದು. ಹೊಸ ಟೈರ್ ಹಾಕಿಸಿದ ಮೊದಲ 150-200 ಕಿ.ಮೀ. ಹುಷಾರು, ಮೇಲ್ಮೈ ನುಣುಪಾಗಿರುತ್ತದೆ. ಸ್ಪೋಕ್ ಚಕ್ರದ ಗಾಡಿಯಾದರೆ ಒಳಗೆ ಟ್ಯೂಬ್ ಇದೆ, ದೂರ ಹೋಗುವಾಗ ಮುಂದಿನದಕ್ಕೂ ಹಿಂದಿನದಕ್ಕೂ ಒಂದೊಂದು ಟ್ಯೂಬ್ ಬ್ಯಾಗಿನಲ್ಲಿರಲಿ. ಹಳ್ಳಿಯ ಪಂಚರ್ ಅಂಗಡಿಯಲ್ಲಿ ಕೆಲಸ ಬಲ್ಲವರಿರುತ್ತಾರೆ, ಈ ಅಳತೆಯ ಟ್ಯೂಬ್ ಇರುವುದಿಲ್ಲ.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆ: ಮನೆಯವರನ್ನು ಹಿಂದೆ ಕೂರಿಸಿಕೊಂಡು ಹೋಗಬಹುದೇ? ಮೊದಲ ಸಾವಿರ ಕಿಲೋಮೀಟರ್ ಒಬ್ಬರೇ ಓಡಿಸಿ. ಆಮೇಲೆ ಅವರು ಕೂರುವ ದಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದೆರಡು ಹಂತ ಬಿಗಿ ಮಾಡಿ, ಗಾಡಿಯ ಸ್ಟಿಕ್ಕರಿನಲ್ಲಿ ಇಬ್ಬರಿಗೆ ಎಂದು ಬರೆದಿರುವಷ್ಟು ಗಾಳಿ ಹಾಕಿಸಿ, ಎರಡೂ ಚಕ್ರಕ್ಕೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಯೆಜ್ಡಿಯ ಮೇಲೆ ಸೀರೆಯುಟ್ಟು ಒಂದೇ ಬದಿಗೆ ಕೂರುತ್ತಿದ್ದರು. ಈ ಗಾಡಿಯಲ್ಲಿ ಅದು ಬೇಡ, ಭಾರ ಒಂದೇ ಕಡೆ ಬಿದ್ದರೆ ನಿಧಾನದಲ್ಲಿ ಗಾಡಿ ಹಿಡಿಯುವುದು ಕಷ್ಟ, ಬಿಗಿಯಾಗಿ ಬ್ರೇಕ್ ಹಿಡಿದರೆ ಅವರು ಜಾರುತ್ತಾರೆ. ಚೂಡಿದಾರವೋ ಪ್ಯಾಂಟೋ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರಲಿ, ದುಪಟ್ಟಾ ಜಾಕೆಟ್ಟಿನೊಳಗೆ ಸೇರಿರಲಿ. ಅವರಿಗೂ ಐಎಸ್‌ಐ ಗುರುತಿನ, ಕೆನ್ನೆಗೆ ಬಿಗಿಯಾಗಿ ಕೂರುವ ಮುಖ ಮುಚ್ಚುವ ಹೆಲ್ಮೆಟ್, ನಿಮ್ಮ ಹಳೆಯದಲ್ಲ, ಅವರ ತಲೆಯ ಅಳತೆಗೇ ತಂದದ್ದು. ಹತ್ತುವ ಮೊದಲು, ಇಳಿಯುವ ಮೊದಲು ನಿಮ್ಮ ಭುಜ ತಟ್ಟಿ ಹೇಳಲಿ, ನೀವು ಎರಡೂ ಕಾಲು ಊರಿ, ಮುಂದಿನ ಬ್ರೇಕ್ ಹಿಡಿದು “ಹ್ಞೂಂ” ಎಂದ ಮೇಲೆಯೇ ಅವರು ಅಲುಗಾಡಬೇಕು. ನಿಂತ ಗಾಡಿ ಬೀಳುವುದು ಹೆಚ್ಚಾಗಿ ಆಗಲೇ.